ಹಿಂದಿನ ಹಲ್ಲು ನೋಡುವವರು

ಊರಿನವರ ಬಾಯಿ ಮುಚ್ಚಿಸುವುದೇ ಕೆಲಸವಾಗಿರುವ ಮನುಷ್ಯನ ಬಾಯೇ ಮುಚ್ಚುವುದಿಲ್ಲ ಎಂದು ಒಂದು ಯಂತ್ರ ಹೇಳಿಬಿಟ್ಟರೆ ಅವರೇನು ಮಾಡಬೇಕು? ಖಾಸಗಿ ಯಂತ್ರವಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ಇದು ಸರ್ಕಾರಿ ಯಂತ್ರ. ಅದು ಹೇಳಿದ ಮೇಲೆ ಮುಗಿಯಿತು.

ನಮ್ಮ ಕಥೆಯ ಸಾಹೇಬರು ಗುರುತಿನ ಚೀಟಿ ಕೊಡುವ ಕಚೇರಿಯಲ್ಲಿ ಫೋಟೊ ಕೌಂಟರಿನವರು. ಗುರುತಿನ ಚೀಟಿಯ ಫೋಟೊದಲ್ಲಿ ನಗುವಂತಿಲ್ಲ, ಹಲ್ಲು ಕಾಣುವಂತಿಲ್ಲ, ತುಟಿಗೆ ತುಟಿ ಕೂಡಿರಬೇಕು. ಬಿಳಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಬಂದವರನ್ನು ಕೂರಿಸಿ, "ನಗಬೇಡಿ. ಬಾಯಿ ಮುಚ್ಚಿ. ಇಲ್ಲಿ ನೋಡಿ" ಎಂದು ಗುಂಡಿ ಒತ್ತುವುದು ಅವರ ನಿತ್ಯದ ಕಾಯಕ. ಹೊಸದಾಗಿ ಕೆಲಸ ಸಿಕ್ಕವರು, ಹೊಸದಾಗಿ ಮದುವೆಯಾದವರು, ಸುಮ್ಮಸುಮ್ಮನೆ ಖುಷಿಯಾಗಿರುವವರು, ಎಲ್ಲರೂ ಹಲ್ಲು ಬಿಟ್ಟುಕೊಂಡು ಬಂದು ಮುಖ ಗಂಟು ಹಾಕಿಕೊಂಡು ಹೋಗುತ್ತಿದ್ದರು. ಊರಿನವರು ಅವರಿಗೆ 'ನಗಬೇಡಿ ಸಾಹೇಬ್ರು' ಎಂದೇ ಹೆಸರಿಟ್ಟಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಅವರ ಅಕ್ಕನಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ.

ಇಂಥ ಕಚೇರಿಗೆ ಹೊಸ ಯಂತ್ರ ಬಂತು. ಫೋಟೊ ತೆಗೆದ ಕೂಡಲೇ ಅದು ತಾನೇ ಪರೀಕ್ಷೆ ಮಾಡಿ, ಸರಿಯಿದ್ದರೆ ಹಸಿರು ದೀಪ ಹಚ್ಚುತ್ತಿತ್ತು. ಇಲ್ಲದಿದ್ದರೆ ಕೆಂಪು ದೀಪ ಹಚ್ಚಿ ತಪ್ಪೇನೆಂದು ತೋರಿಸುತ್ತಿತ್ತು. ಆಗಲೇ ಸಾಹೇಬರ ಸ್ವಂತ ಚೀಟಿಯ ಅವಧಿ ಮುಗಿದಿತ್ತು. ತಾವೇ ಸ್ಟೂಲಿನ ಮೇಲೆ ಕೂತು, ಪಕ್ಕದ ಕೌಂಟರಿನವರಿಂದ ಗುಂಡಿ ಒತ್ತಿಸಿದರು. ಕೆಂಪು ದೀಪ. 'ಬಾಯಿ ತೆರೆದಿದೆ.' ಮತ್ತೆ ಒತ್ತಿಸಿದರು. 'ಬಾಯಿ ತೆರೆದಿದೆ.' ಸಾಹೇಬರ ಮೇಲಿನ ಹಲ್ಲುಗಳು ಚಿಕ್ಕಂದಿನಿಂದಲೂ ಬಾಗಿಲಾಚೆ ನಿಂತು ಬೀದಿ ನೋಡುವ ಸ್ವಭಾವದವು. ಎಷ್ಟು ಎಳೆದು ಮುಚ್ಚಿದರೂ ತುಟಿ ಜಾರಿ ಹಿಂದೆ ಹೋಗುತ್ತಿತ್ತು. ಅದಕ್ಕೇ ಅವರು ಯಾರ ಹತ್ತಿರ ಮಾತಾಡಿದರೂ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದರು. ಯಂತ್ರದ ಮುಂದೆ ಕೈ ಅಡ್ಡ ಇಡುವ ಹಾಗಿಲ್ಲ.

ಸಾಲಿನಲ್ಲಿ ನಿಂತ ಯಾರೋ, "ಸಾಹೇಬ್ರೇ, ಬಾಯಿ ಮುಚ್ಚಿ!" ಎಂದರು. ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಸೂಪರಿಂಟೆಂಡೆಂಟರು ಹೊರಗೆ ಬಂದು ಒಮ್ಮೆ ಯಂತ್ರವನ್ನೂ ಒಮ್ಮೆ ಸಾಹೇಬರನ್ನೂ ನೋಡಿ ತೀರ್ಪು ಕೊಟ್ಟರು. "ಯಂತ್ರ ಸರಿಯಾಗೇ ಇದೆ ಕಣ್ರೀ. ದೋಷ ನಿಮ್ಮ ಕಡೆ ಇದೆ. ಹೋಗಿ ಹಲ್ಲು ಒಳಗೆ ಹಾಕಿಸ್ಕೊಂಡು ಬನ್ನಿ. ಅಲ್ಲೀತನಕ ಹಳೇ ಚೀಟೀಲೇ ಕಾಲ ತಳ್ಳಿ."

ಹೀಗೆ, ತಲೆಗೂದಲು ಉದುರುವ ವಯಸ್ಸಿನಲ್ಲಿ ಸಾಹೇಬರು ಹಲ್ಲಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಕಾಯುವ ಕೋಣೆಯಲ್ಲಿ ಸುತ್ತಲೂ ಶಾಲೆಯ ಮಕ್ಕಳು. ಒಬ್ಬ ತಾಯಿ, "ನಿಮ್ಮ ಮಗು ಒಳಗಿದೆಯಾ?" ಎಂದು ಕೇಳಿದ್ದಕ್ಕೆ ಸಾಹೇಬರು ಬಾಯಿಗೆ ಕೈ ಅಡ್ಡ ಇಟ್ಟು, "ನಾನೇ ಮಗು" ಎಂದರು. ಆ ತಾಯಿ ಕುರ್ಚಿ ಸ್ವಲ್ಪ ದೂರ ಎಳೆದುಕೊಂಡಳು.

ಡಾಕ್ಟರು ಚಿಕ್ಕ ಹೆಣ್ಣುಮಗಳು. ಮಾತಿನಲ್ಲೂ ಕೈಯಲ್ಲೂ ಚುರುಕು. "ಕ್ಲಿಪ್ ಹಾಕಿದ್ರೆ ಸರಿಹೋಗತ್ತೆ ಅಂಕಲ್" ಎಂದಳು.

"ಈ ವಯಸ್ಸಲ್ಲಾ?"

"ನಿಮ್ಮ ವಯಸ್ಸು ಹಲ್ಲಿಗೆ ಗೊತ್ತಾಗಲ್ಲ. ತಂತಿ ಎಳೆದ್ರೆ ಅದು ಬರಲೇಬೇಕು."

ಹಲ್ಲಿಗೊಂದೊಂದು ಕ್ಲಿಪ್ಪು ಅಂಟಿಸಿ, ಅದರೊಳಗೆ ತಂತಿ ಪೋಣಿಸಿ, ತುದಿ ಕತ್ತರಿಸಿ, ಕೆನ್ನೆಗೆ ಚುಚ್ಚಿದರೆ ಹಚ್ಚಿಕೊಳ್ಳಲು ಮೇಣ ಕೊಟ್ಟು, ಆಮೇಲೆ ಒಂದು ಹಿಡಿ ಬ್ರಷ್ಷುಗಳನ್ನು ಮೇಜಿನ ಮೇಲೆ ಹರಡಿ ಅವಳು ಪಾಠ ಶುರುಮಾಡಿದಳು. "ತಿಂದಾಗೆಲ್ಲ ಉಜ್ಜಬೇಕು. ಮೊದಲು ಇದು, ತಂತಿ ಮೇಲ್ಗಡೆ ಒಂದ್ಸಲ, ಕೆಳಗಡೆ ಒಂದ್ಸಲ. ಆಮೇಲೆ ಈ ಪುಟಾಣಿ ಬ್ರಷ್ಷು, ತಂತಿ ಅಡಿಗೆ ತೂರಿಸಿ ಆಡಿಸ್ಬೇಕು. ಒಂದೇ ಕುಚ್ಚು ಇರೋದು ಹಿಂದಿನ ಹಲ್ಲಿಗೆ. ಮೆತ್ತಗಿರೋದು ವಸಡಿಗೆ. ಅಂಟೋದು, ಕಟಕಟ ಅನ್ನೋದು ತಿನ್ನಲೇಬಾರದು. ಕೊಳೆ ನಿಂತ್ರೆ ಹಲ್ಲು ನೇರ ಆಗೋ ಹೊತ್ತಿಗೆ ಹುಳುಕಾಗಿರತ್ತೆ, ನೆನಪಿರಲಿ. ಎಷ್ಟು ಉಜ್ಜಿದ್ರೂ ಹಿಂದೆ ಏನಾದ್ರೂ ಸಿಕ್ಕೊಂಡಿದ್ರೆ ನಿಮಗೇ ಕಾಣಲ್ಲ. ಊಟ ಆದ್ಮೇಲೆ ಆಂಟಿಗೆ ಟಾರ್ಚ್ ಬಿಟ್ಟು ನೋಡೋಕೆ ಹೇಳಿ. ಆಂಟಿ ಇದ್ದಾರಲ್ಲ ಮನೇಲಿ?"

ಸಾಹೇಬರನ್ನು "ಮದುವೆ ಆಗಿದೆಯಾ?" ಎಂದು ಕೇಳಿದವರು ಬೇಕಾದಷ್ಟು ಮಂದಿ. ಇಲ್ಲವೆಂಬ ಉತ್ತರ ಕೇಳುವ ಮೊದಲೇ ಪಾಪ ಎನ್ನುವ ಮುಖ ಮಾಡಿಕೊಂಡು ಕೇಳಿದವರು. ಆದರೆ ಇದ್ದೇ ಇರುತ್ತಾರೆ ಎಂಬಂತೆ, ಮನೆಯಲ್ಲಿ ನಲ್ಲಿ ಇದೆಯಲ್ಲ ಎಂದು ಕೇಳಿದಷ್ಟು ಸಲೀಸಾಗಿ ಯಾರೂ ಕೇಳಿರಲಿಲ್ಲ. ಆ ಮರ್ಯಾದೆಯನ್ನು ಹಿಂದಕ್ಕೆ ಕೊಡಲು ಅವರಿಗೆ ಮನಸ್ಸಾಗಲಿಲ್ಲ.

"ಇದ್ದಾರೆ" ಎಂದರು.

"ಅವರ ನಂಬರೂ ಕೊಟ್ಟಿರಿ."

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡೇ ಇದು. ಇನ್ನೊಂದು ಸುಳ್ಳು ಹೊಳೆಯದೆ, ಬಾಯಿಗೆ ಬಂದ ಒಂದೇ ನಂಬರನ್ನು ಸಾಹೇಬರು ಕೊಟ್ಟುಬಿಟ್ಟರು. ಅದು ಕೆಳಗಿನ ಮನೆಯ ಓನರಮ್ಮನದು.

ಮಾರನೆಯ ದಿನ ಕಚೇರಿಯಲ್ಲಿ ಆದ ಅನಾಹುತವನ್ನು ಇಲ್ಲಿ ಸಂಕ್ಷಿಪ್ತವಾಗಿ ವರದಿ ಮಾಡುವುದು ನಮ್ಮ ಕರ್ತವ್ಯ. ಕ್ಲಿಪ್ಪು ಹಾಕಿದ ಹೊಸದರಲ್ಲಿ ನಾಲಿಗೆ ಎಲ್ಲಿ ಹೋದರೂ ತಂತಿಗೆ ತಗಲುತ್ತದೆ. ಸಾಹೇಬರು ತಮ್ಮ ಎಂದಿನ ಗಾಂಭೀರ್ಯದಿಂದ "ನಗಬೇಡಿ" ಎಂದರೆ, ಮುಂದೆ ಕೂತವರಿಗೆ ಮೊದಲು ಒಂದು ಸೀಟಿ ಕೇಳಿಸುತ್ತಿತ್ತು, ಆಮೇಲೆ ತುಂತುರು ಹನಿ ಬೀಳುತ್ತಿತ್ತು, ಕೊನೆಗೆ ಬಾಯೊಳಗೆ ಕಬ್ಬಿಣದ ಅಂಗಡಿ ತೆರೆದಂತೆ ಮಿಂಚುತ್ತಿತ್ತು. ಯಾವ ಮನುಷ್ಯ ತಡೆದುಕೊಂಡಾನು? ಕೆಂಪು ದೀಪ. ಮುದುಕರೊಬ್ಬರು ನಕ್ಕು ನಕ್ಕು ಕೆಮ್ಮಿ ಸ್ಟೂಲಿನಿಂದ ಜಾರಿದರು. ಕೆಂಪು ದೀಪ. ಸದಾ ಸಿಡುಕುವ ಒಬ್ಬ ವಕೀಲರು ಮಾತ್ರ ಆವತ್ತು ಹಸಿರು ದೀಪ ಕಂಡರು. ಅವರಿಗೆ ಕಿವಿ ಮಂದ, ಕನ್ನಡಕವನ್ನೂ ತೆಗೆದಿಟ್ಟಿದ್ದರು.

"ಏನ್ರೀ ಇದು? ಊರಿಗೆ ಊರೇ ನಗ್ತಿದೆ ನಿಮ್ಮ ಕೌಂಟರಲ್ಲಿ!" ಎಂದು ಸೂಪರಿಂಟೆಂಡೆಂಟರು ಗದರಿದರು. "ನಾಳೆಯಿಂದ ಬಾಯಲ್ಲಿ ಹೇಳ್ಬೇಡಿ. ಕೈ ಸನ್ನೆ ಮಾಡಿ."

ಅಲ್ಲಿಗೆ ದಿನವಿಡೀ ಸಾಹೇಬರು ಆಡುತ್ತಿದ್ದ ಆ ಮೂರು ಮಾತೂ ನಿಂತವು. ಬಂದವರಿಗೆ ಬೆರಳು ತುಟಿಗಿಟ್ಟು ತೋರಿಸುವುದು, ಕ್ಯಾಮೆರಾ ತೋರಿಸುವುದು, ಬಾಗಿಲು ತೋರಿಸುವುದು. ಸಂಜೆ ಮನೆಗೆ ಬಂದು ಬೀಗ ತೆಗೆದು ಒಳಗೆ ಹೋದರೆ ಮಾರನೆಯ ಬೆಳಗಿನವರೆಗೆ ಅವರ ಗಂಟಲಿಗೆ ಕೆಲಸವೇ ಇರುತ್ತಿರಲಿಲ್ಲ. ಒಂಟಿತನ ಅವರಿಗೆ ಹೊಸದೇನಲ್ಲ. ಆದರೆ ಅದು ಈಗ ಅವರ ಹಲ್ಲಿನ ವಿಚಾರಕ್ಕೂ ಬಂದು ನಿಂತಿತ್ತು. ಊಟವಾದ ಮೇಲೆ ಯಾರಾದರೂ ಬಾಯೊಳಗೆ ಟಾರ್ಚು ಬಿಡಬೇಕಲ್ಲ, ಯಾರು ಬಿಡಬೇಕು?

ಒಂದು ಕೈಯಲ್ಲಿ ಕನ್ನಡಿ, ಒಂದು ಕೈಯಲ್ಲಿ ಟಾರ್ಚು ಹಿಡಿದು ಸಾಹೇಬರು ದಿನಾ ಕಿಟಕಿಯ ಹತ್ತಿರ ನಿಂತು ಪ್ರಯತ್ನ ಮಾಡಿದರು. ಕನ್ನಡಿ ಸರಿಹೋದರೆ ಟಾರ್ಚು ಮೂಗಿನ ಮೇಲೆ ಬೀಳುತ್ತಿತ್ತು. ಟಾರ್ಚು ಬಾಯೊಳಗೆ ಹೋದರೆ ಕನ್ನಡಿಯಲ್ಲಿ ಕಿವಿ ಕಾಣುತ್ತಿತ್ತು. ಹಿಂದಿನ ಹಲ್ಲು ಮಾತ್ರ ಯಾವತ್ತೂ ದರ್ಶನ ಕೊಡಲಿಲ್ಲ. ಕನ್ನಡಿಗೆ ಬಡಿದ ಬೆಳಕು ಅತ್ತಿತ್ತ ಹಾರಾಡಿ ನೇರವಾಗಿ ಎದುರು ಮನೆಯ ಜಗಲಿಗೆ ಹೋಗಿ ಬೀಳುತ್ತಿತ್ತು. ಅಲ್ಲಿ ಈಸಿಚೇರಿನಲ್ಲಿ ಕೂತಿರುತ್ತಿದ್ದವರು ನಿವೃತ್ತ ಪೊಲೀಸಪ್ಪ. ಸೇವೆಯಲ್ಲಿದ್ದಷ್ಟೂ ಕಾಲ ಒಬ್ಬ ಕಳ್ಳನೂ ಸಿಗದ ಕೊರಗು ಅವರಿಗಿತ್ತು.

ಅವರು ಓನರಮ್ಮನನ್ನು ಗೇಟಿನ ಹತ್ತಿರ ಕರೆದು ದನಿ ತಗ್ಗಿಸಿದರು. "ನಿಮ್ಮ ಮಹಡಿ ಮೇಲಿನೋರು ಯಾರಿಗೋ ಬೆಳಕಲ್ಲಿ ಸನ್ನೆ ಮಾಡ್ತಾರೆ ಕಣಮ್ಮ. ದಿನಾ ಊಟ ಆದ್ಮೇಲೆ. ಮೊದಲು ಉದ್ದಕ್ಕೆ, ಆಮೇಲೆ ಮಿಣಕ್ ಮಿಣಕ್ ಅಂತ."

"ಯಾರಿಗೆ?"

"ಅದೇ ತನಿಖೆ ನಡೀತಿದೆ. ನಿನ್ನೆ ಪರೀಕ್ಷೆಗೆ ಅಂತ ನಾನೂ ಟಾರ್ಚ್ ಬಿಟ್ಟೆ. ತಕ್ಷಣ ಕಿಟಕಿ ಮುಚ್ಚಿದ್ರು!"

ಓನರಮ್ಮ ನಂಬಲಿಲ್ಲ. ಆಕೆ ಬಟ್ಟೆ ಗಿರಣಿಯಲ್ಲಿ ಥಾನು ಬಿಚ್ಚಿ, ಸುತ್ತಿದ ಬಟ್ಟೆಯನ್ನು ಎಳೆ ಎಳೆಯಾಗಿ ತಪಾಸಣೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಕಣ್ಣಿಗೆ ಬೀಳದೆ ಒಂದು ಎಳೆಯನ್ನೂ ನಂಬುವ ಪೈಕಿಯಲ್ಲ. ಗಂಡ ತೀರಿಕೊಂಡ ಮೇಲೆ ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಟ್ಟು, ಕೆಳಗೆ ತಾವೊಬ್ಬರೇ ಇದ್ದರು. "ಪಾಪ, ಅವರಿಗೆ ಎದುರಿಗೆ ಕೂತೋರ ಹತ್ರಾನೇ ಮಾತಾಡೋಕೆ ಬರಲ್ಲ, ಸನ್ನೆ ಎಲ್ಲಿಂದ ಮಾಡ್ತಾರೆ?" ಎಂದು ಒಳಗೆ ಹೋದರು.

ಇತ್ತ ಆಸ್ಪತ್ರೆಯಲ್ಲಿ ಇನ್ನೊಂದೇ ಸಂಸಾರ ಬೆಳೆಯುತ್ತಿತ್ತು. ತಂತಿ ಬಿಗಿ ಮಾಡಲು ಹೋದಾಗಲೆಲ್ಲ ಡಾಕ್ಟರು ಹಿಂದಿನ ಹಲ್ಲಿನಿಂದ ಏನಾದರೊಂದು ಎಳೆದು ತೆಗೆದು ಬೆಳಕಿಗೆ ಹಿಡಿಯುತ್ತಿದ್ದಳು.

"ಇದೇನು ಅಂಕಲ್? ಆಂಟಿ ನೋಡ್ತಾನೇ ಇಲ್ಲ ಅನ್ಸತ್ತೆ."

ಇಲ್ಲದ ಹೆಂಡತಿಯ ಮೇಲೆ ದೂರು ಬಂದದ್ದೇ ಸಾಹೇಬರಿಗೆ ತಡೆಯಲಾಗಲಿಲ್ಲ. "ಹಾಗನ್ಬೇಡಿ. ಅವರು ನೋಡ್ತಾರೆ. ಕಣ್ಣು ಸ್ವಲ್ಪ ಮಂಜು."

"ಅಯ್ಯೋ, ಮೊದಲೇ ಹೇಳ್ಬಾರ್ದಾ! ಈಗ ಹೇಗಿದ್ದಾರೆ?"

ಹೀಗೆ ಮನೆಯವರು ಹೇಗಿದ್ದಾರೆ ಎಂದು ಯಾರಾದರೂ ಸಾಹೇಬರನ್ನು ಕೇಳಿದ್ದು ಅದೇ ಮೊದಲು. ಮುಂದಿನ ಸಲ ಹೋಗುವ ಹೊತ್ತಿಗೆ ಆಂಟಿಗೆ ಕಣ್ಣಿಗೆ ಹನಿ ಹಾಕಿಸಿಯಾಗಿತ್ತು. ಅದರ ಮುಂದಿನ ಸಲ ಆಂಟಿ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಿದ್ದರು. ಆಂಟಿ ಮುಂಗೋಪಿ, ಆದರೆ ಮನಸ್ಸು ಮೃದು. ಆಂಟಿಗೆ ಸಾಹೇಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರೆ ಸಿಟ್ಟು ಬರುತ್ತದೆ, "ಕೈ ತೆಗೀರಿ, ಮುಖ ಕಾಣಲಿ" ಅನ್ನುತ್ತಾರೆ. ಇದನ್ನೆಲ್ಲ ಹೇಳುವಾಗ ಸಾಹೇಬರ ಮುಖ ಬೆಳಗುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ನಡೆದು ಬರುವಷ್ಟು ಹೊತ್ತೂ ಅವರು ಸುಖವಾಗಿರುತ್ತಿದ್ದರು. ಬೀಗ ತೆಗೆಯುವಾಗ ಮಾತ್ರ ಎದೆ ಭಾರವಾಗುತ್ತಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಡಾಕ್ಟರು ಒಳ್ಳೆಯವಳು. ಒಳ್ಳೆಯವರಿಂದಲೇ ಇಂಥ ಕಥೆಗಳು ಕೆಡುವುದು. ಆಂಟಿಯ ಕಣ್ಣು ವಿಚಾರಿಸೋಣವೆಂದು ಅವಳು ಒಂದು ಮಧ್ಯಾಹ್ನ ಫೋನ್ ಮಾಡಿದಳು.

"ಹಲೋ, ಆಂಟೀನಾ?"

ಓನರಮ್ಮನನ್ನು ಆಂಟಿ ಎನ್ನುವವರಿಗೆ ಬೀದಿಯಲ್ಲಿ ಬರವಿರಲಿಲ್ಲ. "ಹೌದು, ಯಾರಮ್ಮಾ?"

"ನಾನು ಹಲ್ಲಿನ ಡಾಕ್ಟ್ರು. ನಿಮ್ಮ ಕಣ್ಣು ಈಗ ಹೇಗಿದೆ ಆಂಟಿ?"

"ನನ್ನ ಕಣ್ಣಿಗೇನಾಗಿದೆ? ಇವತ್ತಿಗೂ ಕನ್ನಡಕ ಇಲ್ದೆ ಸೂಜಿಗೆ ದಾರ ಪೋಣಿಸ್ತೀನಿ."

"ಒಳ್ಳೇದಾಯ್ತು. ಹಾಗಾದ್ರೆ ದಯವಿಟ್ಟು ಅಂಕಲ್ ಬಾಯಿ ನೋಡಿ. ಹಿಂದೆ ತುಂಬ ಗಲೀಜಿದೆ."

"ಯಾವ ಅಂಕಲ್ಲು? ನಮ್ಮನೆಯವರು ಹೋಗಿ ಎಷ್ಟೋ ವರ್ಷ ಆಯ್ತು!"

"ಎಲ್ಲಿಗೆ ಹೋಗಿದ್ದಾರೆ? ನಿನ್ನೆ ತಾನೆ ಇಲ್ಲಿಗೆ ಬಂದು ತಂತಿ ಬಿಗಿ ಮಾಡಿಸ್ಕೊಂಡು ಹೋದ್ರಲ್ಲ!"

ಓನರಮ್ಮ ಪಕ್ಕದಲ್ಲಿದ್ದ ಕುರ್ಚಿಗೆ ಕುಸಿದರು. ಗಂಡನ ಬಾಯಲ್ಲಿ ಕೊನೆಗಾಲಕ್ಕೆ ಹಲ್ಲೇ ಇರಲಿಲ್ಲ ಎಂಬುದು ನೆನಪಾಗಿ ಸ್ವಲ್ಪ ಧೈರ್ಯ ಬಂತು. "ಯಾರ ವಿಷಯ ಹೇಳ್ತಿದೀಯಮ್ಮ ನೀನು?" ಎಂದು ಕೂಗಿದರು.

"ಫೋಟೊ ಆಫೀಸಿನ ಅಂಕಲ್. ನೀವು ಅವರ ಮಿಸೆಸ್ ಅಲ್ವಾ? ಅಯ್ಯೋ, ನಂಬರ್ ತಪ್ಪಾಗಿರ್ಬೇಕು, ಸಾರಿ" ಎಂದು ಫೋನು ಇಟ್ಟಳು.

ಅಂದರೆ ಮಹಡಿಯವರಿಗೆ ಹೆಂಡತಿ ಇದ್ದಾಳೆ! ಕಣ್ಣು ಕಾಣದ ಹೆಂಡತಿ! ಎಲ್ಲೋ ಬಚ್ಚಿಟ್ಟಿದ್ದಾರೆ! ಓನರಮ್ಮ ನೇರವಾಗಿ ಎದುರು ಮನೆಗೆ ನಡೆದರು. ಪೊಲೀಸಪ್ಪನವರು ಈಸಿಚೇರಿನಿಂದ ಎದ್ದು ನಿಂತು, "ನಾನು ಹೇಳ್ಲಿಲ್ವಾ? ಆ ಬೆಳಕಿನ ಸನ್ನೆ ಅವಳಿಗೇ" ಎಂದರು. ಕಣ್ಣು ಕಾಣದವಳಿಗೆ ಬೆಳಕಿನ ಸನ್ನೆ ಯಾಕೆ ಮಾಡುತ್ತಾರೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ದೊಡ್ಡ ತನಿಖೆಗಳಲ್ಲಿ ಇಂಥ ಚಿಕ್ಕಪುಟ್ಟ ವಿಷಯ ಬಿಟ್ಟುಹೋಗುವುದುಂಟು. ಸಂಜೆಯೊಳಗೆ ಪಕ್ಕದೂರಿನಲ್ಲಿದ್ದ ಸಾಹೇಬರ ಅಕ್ಕನಿಗೆ ಸುದ್ದಿ ಮುಟ್ಟಿತು.

ಅಕ್ಕ ಮಾರನೆಯ ದಿನ ಬೆಳಗಿನ ಬಸ್ಸಿಗೇ ಬಂದಿಳಿದರು. ಒಂದು ಕಂಕುಳಲ್ಲಿ ಒಂದು ಹೊಸ ದಿಂಬು, ಇನ್ನೊಂದು ಕಂಕುಳಲ್ಲಿ ಇನ್ನೊಂದು ಹೊಸ ದಿಂಬು. ಮುಖದಲ್ಲಿ ಅರ್ಧ ಸಿಟ್ಟು, ಅರ್ಧ ಸಂತೋಷ. ಅಂದು ರಜೆ, ಸಾಹೇಬರು ತಂತಿ ಬಿಗಿ ಮಾಡಿಸಿಕೊಂಡ ನೋವಿಗೆ ಹಾಲಿನಲ್ಲಿ ಬ್ರೆಡ್ಡು ನೆನೆಸಿ ನುಂಗುತ್ತಿದ್ದರು. ಬಾಗಿಲು ತೆಗೆದರೆ ಎದುರಿಗೆ ದಿಂಬುಗಳ ನಡುವೆ ಅಕ್ಕ, ಅಕ್ಕನ ಹಿಂದೆ ಓನರಮ್ಮ, ಓನರಮ್ಮನ ಹಿಂದೆ ಕೈಯಲ್ಲಿ ಟಾರ್ಚು ಹಿಡಿದ ಪೊಲೀಸಪ್ಪ.

"ಎಲ್ಲೋ ಅವಳು?" ಎಂದರು ಅಕ್ಕ.

"ಯಾರು?"

"ನಾಟಕ ಆಡ್ಬೇಡ. ನಾನು ಬೈಯಲ್ಲ. ಯಾರಾದ್ರೂ ಪರವಾಗಿಲ್ಲ. ಕಣ್ಣು ಕಾಣ್ದೇ ಇದ್ರೂ ಪರವಾಗಿಲ್ಲ. ಕರಿ ಹೊರಗೆ."

ಸಾಹೇಬರ ಬಾಯಿಂದ ಸೀಟಿ ಬಿಟ್ಟರೆ ಏನೂ ಹೊರಡಲಿಲ್ಲ. ಅಷ್ಟರಲ್ಲಿ ಪೊಲೀಸಪ್ಪನವರು ಮಂಚದ ಅಡಿ, ಬೀರುವಿನ ಹಿಂದೆ ನೋಡಿ ಮುಗಿಸಿ, ಬಚ್ಚಲುಮನೆಯಿಂದ ವಿಜಯಘೋಷ ಮಾಡಿದರು. "ಸಿಕ್ತು! ಸಾಕ್ಷಿ ಸಿಕ್ತು!" ಅವರ ಕೈಯಲ್ಲಿ ಒಂದು ಗಾಜಿನ ಲೋಟ. ಅದರ ತುಂಬ ಹಲ್ಲುಜ್ಜುವ ಬ್ರಷ್ಷುಗಳು.

"ನೋಡಿಮ್ಮ. ಈ ದೊಡ್ಡದು ಇವರದು. ಈ ಮೆತ್ತಗಿರೋದು ಹೆಂಗಸರದು. ಇದು ಒಂದೇ ಕುಚ್ಚು, ಹಲ್ಲು ಬಿದ್ದುಹೋದ ಯಾರೋ ಹಿರಿಯರದು, ಅತ್ತೇನೂ ಇಲ್ಲೇ ಇದ್ದಾರೆ ಅನ್ನಿ. ಈ ಪುಟಾಣಿ ನೋಡಿ, ಇದು..."

ಅಕ್ಕ ಆ ಪುಟಾಣಿ ಬ್ರಷ್ಷನ್ನು ಕೈಗೆ ತೆಗೆದುಕೊಂಡರು. ಕಣ್ಣಲ್ಲಿ ನೀರು ತುಂಬಿತು. "ಮಗೂನೂ ಇದೆಯೇನೋ? ಇಷ್ಟು ಚಿಕ್ಕದಾ? ಹೆಣ್ಣೋ ಗಂಡೋ? ಒಂದು ಮಾತು ಹೇಳ್ಬಾರ್ದಾಗಿತ್ತಾ ನಿನ್ನ ಅಕ್ಕಂಗೆ?"

ಅಕ್ಕನ ಆ ಮುಖ ನೋಡಿ ಸಾಹೇಬರಿಗೆ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರು ಆ ಬ್ರಷ್ಷನ್ನು ಮೆಲ್ಲಗೆ ಅಕ್ಕನ ಕೈಯಿಂದ ತೆಗೆದುಕೊಂಡು, ಬಾಯಿ ತೆರೆದು, ತಂತಿಯ ಅಡಿಗೆ ತೂರಿಸಿ ಆಡಿಸಿ ತೋರಿಸಿದರು. ಆಮೇಲೆ ಒಂದೇ ಕುಚ್ಚಿನದು. ಆಮೇಲೆ ಮೆತ್ತಗಿನದು. ಕುಟುಂಬದ ಎಲ್ಲ ಸದಸ್ಯರೂ ಒಬ್ಬೊಬ್ಬರಾಗಿ ಅವರ ಬಾಯೊಳಗೆ ಹೋಗಿ ಬಂದು ಮತ್ತೆ ಲೋಟ ಸೇರಿದರು. ಪೊಲೀಸಪ್ಪನವರು ಟಾರ್ಚು ಬೆನ್ನ ಹಿಂದೆ ಇಟ್ಟುಕೊಂಡರು.

"ಎಲ್ಲಾ ನಂದೇ ಅಕ್ಕ" ಎಂದರು ಸಾಹೇಬರು. "ಹೆಂಡ್ತಿ ಇದ್ದಾಳೆ ಅಂತ ಡಾಕ್ಟ್ರಿಗೆ ಸುಳ್ಳು ಹೇಳ್ದೆ."

"ಯಾಕೋ?"

"ಹಿಂದಿನ ಹಲ್ಲು ನೋಡೋಕೆ ಮನೇಲಿ ಯಾರಾದ್ರೂ ಬೇಕು ಅಂದ್ರು."

"ನಂಗೆ ಹೇಳೋಕಾಗ್ಲಿಲ್ವಾ?"

"ಏನಂತ ಹೇಳ್ಲಿ? ನನ್ನ ಬಾಯೊಳಗೆ ನೋಡೋಕೆ ಯಾರೂ ಇಲ್ಲ ಅಂತ ಫೋನ್ ಮಾಡ್ಲಾ?"

ಅಕ್ಕ ದಿಂಬಿನ ಮೂಲೆಯಿಂದ ಕಣ್ಣೊರೆಸಿಕೊಂಡರು. ಹಾಲಿನಲ್ಲಿ ಬ್ರೆಡ್ಡು ನೆನೆದು ಮುದ್ದೆಯಾಗಿತ್ತು. ಕೊನೆಗೆ ಓನರಮ್ಮ ಪೊಲೀಸಪ್ಪನವರ ಬೆನ್ನ ಹಿಂದಿನಿಂದ ಟಾರ್ಚು ಕಿತ್ತುಕೊಂಡು, ಸಾಹೇಬರ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿದರು.

"ತೆಗೀರಿ ಬಾಯಿ. ಇನ್ನೂ ದೊಡ್ಡಕ್ಕೆ. ಕೈ ಅಡ್ಡ ತರಬೇಡಿ. ಹೂಂ, ಇದು ಮೊನ್ನೆ ತಿಂದ ಸೊಪ್ಪು. ಇದು ಯಾವಾಗಿನದೋ ದೇವರೇ ಬಲ್ಲ. ಇಂಥ ಥಾನು ಗಿರಣೀಲಿ ಬಂದಿದ್ರೆ ವಾಪಸ್ ಕಳಿಸ್ತಿದ್ದೆ."

ಅಕ್ಕ ಸಂಜೆಯ ಬಸ್ಸಿಗೆ ಹೊರಟರು. ದಿಂಬುಗಳನ್ನು ವಾಪಸ್ಸು ಒಯ್ಯಲು ಮನಸ್ಸಾಗದೆ, "ಇರ್ಲಿ ಬಿಡು, ಒಂದು ಕಾಲಡಿಗೆ ಹಾಕ್ಕೋ" ಎಂದರು.

ಅಂದಿನಿಂದ ಊಟವಾದ ಮೇಲೆ ಓನರಮ್ಮ ಟಾರ್ಚು ಹಿಡಿದು, ಮಂಡಿ ಹಿಡಿದುಕೊಂಡು, ಮೆಟ್ಟಿಲು ಹತ್ತಿ ಬರುವುದು ಪದ್ಧತಿಯಾಯಿತು. ಹಲ್ಲು ನೋಡುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಮೆಟ್ಟಿಲು ಹತ್ತಿದ ಆಯಾಸಕ್ಕೆ ಆಮೇಲೆ ಕುರ್ಚಿಯಲ್ಲಿ ಕೂರಬೇಕಾಗುತ್ತಿತ್ತು. ಕೂತ ಮೇಲೆ ಸುಮ್ಮನಿರಲು ಬರುತ್ತದೆಯೇ? ಗಿರಣಿಯ ಮೇಸ್ತ್ರಿಯ ಕಥೆ, ಪೊಲೀಸಪ್ಪನವರು ತಮ್ಮದೇ ಸೈಕಲ್ಲನ್ನು ಕದ್ದ ಮಾಲೆಂದು ಹಿಡಿದ ಕಥೆ. ಸಾಹೇಬರು ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದರು. ನಗು ಬಂದಾಗ ಬಾಯಿಗೆ ಕೈ ಅಡ್ಡ ಹೋಗುತ್ತಿತ್ತು. ಓನರಮ್ಮ ಟಾರ್ಚಿನ ಹಿಡಿಯಿಂದ ಕೈಗೆ ಮೆಲ್ಲಗೆ ಬಡಿಯುತ್ತಿದ್ದರು.

ಮುಂದಿನ ಸಲ ಡಾಕ್ಟರು ಬಾಯೊಳಗೆ ನೋಡಿ ಬೆರಗಾದಳು. "ಎಷ್ಟು ಕ್ಲೀನಾಗಿದೆ ಅಂಕಲ್! ಆಂಟಿ ಕಣ್ಣು ಸರಿಹೋಯ್ತಾ?"

ಸಾಹೇಬರು ಬಾಯಿ ಮುಕ್ಕಳಿಸಿ ಉಗಿದು ಎದ್ದು ಕೂತರು. ಸತ್ಯ ಹೇಳಿದ್ದರಿಂದ ಒಮ್ಮೆ ಒಳ್ಳೆಯದಾಗಿತ್ತು. ಹಾಗಾಗಿ ಇಲ್ಲೂ ಹೇಳಿಬಿಡೋಣವೆನ್ನಿಸಿತು. "ಆಂಟಿ ಇಲ್ಲಮ್ಮ."

ಡಾಕ್ಟರ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. "ಅಯ್ಯೋ ಅಂಕಲ್! ಯಾವಾಗ?" ಮೂಲೆಯಲ್ಲಿದ್ದ ನರ್ಸು ಓಡಿಬಂದು ರೇಡಿಯೋ ಆರಿಸಿದಳು. ಕಾಯುವ ಕೋಣೆಯ ತಾಯಂದಿರು ಬಾಗಿಲಲ್ಲಿ ಇಣುಕಿ ತಲೆ ತಗ್ಗಿಸಿದರು.

"ಹೋಗಲಿಲ್ಲ. ಬಂದೇ ಇರಲಿಲ್ಲ" ಎಂದರು ಸಾಹೇಬರು.

ಇದನ್ನೂ, ಓನರಮ್ಮ ಮೆಟ್ಟಿಲು ಹತ್ತಿ ಬಂದು ಹಲ್ಲು ನೋಡುವುದನ್ನೂ ಅರ್ಥಮಾಡಿಸುವಷ್ಟರಲ್ಲಿ ಅವರು ಬೆವತುಹೋದರು. ಡಾಕ್ಟರು ಮೊದಲು ನಗಲು ಹೋದಳು, ಆಮೇಲೆ ನಗಲಿಲ್ಲ. ಕಪಾಟಿನಿಂದ ಒಂದು ಡಬ್ಬಿ ತೆಗೆದಳು. "ಮೊದಲೇ ಹೇಳಿದ್ರೆ ಇದನ್ನ ಕೊಡ್ತಿದ್ದೆ ಅಂಕಲ್. ಉಜ್ಜಿದ ಮೇಲೆ ಒಂದು ಮಾತ್ರೆ ಅಗೀರಿ. ಎಲ್ಲಿ ಕೊಳೆ ಇದೆಯೋ ಅಲ್ಲಿ ಗುಲಾಬಿ ಬಣ್ಣ ಹಿಡಿಯತ್ತೆ. ಈ ಉದ್ದ ಹಿಡಿಯ ಕನ್ನಡಿ ಒಳಗೆ ಇಟ್ಟು ನೋಡಿದ್ರೆ ಹಿಂದಿನ ಹಲ್ಲಲ್ಲೂ ಕಾಣತ್ತೆ. ಒಬ್ಬರೇ ಇರೋರಿಗೆ ತುಂಬ ಅನುಕೂಲ. ಪಾಪ, ಆ ವಯಸ್ಸಾದ ಅಮ್ಮನಿಗೆ ಯಾಕೆ ಮೆಟ್ಟಿಲು ಹತ್ತಿಸ್ತೀರಿ?"

ಹೌದಲ್ಲ, ಎನ್ನಿಸಿತು ಸಾಹೇಬರಿಗೆ. ಆವತ್ತು ಓನರಮ್ಮ ಮೇಲೆ ಬಂದಾಗ ಅವರು ದೊಡ್ಡ ಉಪಕಾರ ಮಾಡುವವರಂತೆ ಡಬ್ಬಿ ಮುಂದಿಟ್ಟು ಎಲ್ಲ ವಿವರಿಸಿದರು. "ಇನ್ಮೇಲೆ ನೀವು ಕಷ್ಟ ಪಡೋದು ಬೇಡ" ಎಂದರು.

ಓನರಮ್ಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೇ ನೋಡ್ಕೊಳ್ಳತ್ತಾ ಎಲ್ಲ?"

"ಹೂಂ. ಒಬ್ಬರೇ ಇರೋರಿಗೆ ಅಂತಾನೇ ಇರೋದಂತೆ."

"ಒಳ್ಳೇದಾಯ್ತು ಬಿಡಿ. ನಂಗೂ ಮಂಡಿ ನೋವು" ಎಂದು ಆಕೆ ಕೂರದೆ ಇಳಿದು ಹೋದರು.

ಮಾತ್ರೆ ಡಾಕ್ಟರು ಹೇಳಿದ ಹಾಗೆಯೇ ಕೆಲಸ ಮಾಡಿತು. ಸಾಹೇಬರು ಅಗಿದರು, ಕನ್ನಡಿ ಇಟ್ಟರು, ಗುಲಾಬಿ ಕಂಡಲ್ಲಿ ಉಜ್ಜಿದ್ದೇ ಉಜ್ಜಿದ್ದು. ಅವರ ಹಲ್ಲು ಹುಟ್ಟಿದಂದಿನಿಂದ ಅಷ್ಟು ಸ್ವಚ್ಛವಾಗಿರಲಿಲ್ಲ. ಉಜ್ಜಿ ಮುಗಿದ ಮೇಲೆ ಎದುರಿನ ಖಾಲಿ ಕುರ್ಚಿ ನೋಡುತ್ತಾ ಸ್ಟೂಲಿನ ಮೇಲೆ ಕೂರುತ್ತಿದ್ದರು. ಮೆಟ್ಟಿಲ ಕಡೆ ಏನಾದರೂ ಸದ್ದಾದರೆ ಎದ್ದು ಬಾಗಿಲಿಗೆ ಹೋಗುತ್ತಿದ್ದರು. ಗಾಳಿಗೆ ಗೇಟು ಅಲ್ಲಾಡಿರುತ್ತಿತ್ತು. ಮೊದಲೂ ಅವರು ಒಬ್ಬರೇ ಇದ್ದವರು. ಆದರೆ ಮೊದಲು ಯಾರೂ ಬರುತ್ತಿರಲಿಲ್ಲ, ಈಗ ಓನರಮ್ಮ ಬರುತ್ತಿಲ್ಲ. ಎರಡಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಅವರಿಗೆ ಈಗ ತಿಳಿಯಿತು. ಸತ್ಯವನ್ನು ಬೇಕಾದ್ದಕ್ಕಿಂತ ಒಂದು ಕಡೆ ಹೆಚ್ಚಾಗಿ ಹೇಳಿಬಿಟ್ಟೆ ಎಂದು ತಮ್ಮನ್ನೇ ಬೈದುಕೊಂಡರು.

ಒಂದು ಸಂಜೆ ತಡೆಯಲಾಗಲಿಲ್ಲ. ಊಟ ಮಾಡಿದರು. ಇವತ್ತು ಉಜ್ಜದೇ ಕೆಳಗೆ ಹೋಗಿಬಿಡೋಣವೆಂದುಕೊಂಡರು. ಆದರೆ ಕೊಳಕು ಬಾಯಿಯನ್ನು ಆಕೆಯ ಮುಂದೆ ತೆರೆಯಲು ನಾಚಿಕೆಯಾಗಿ, ಎಲ್ಲ ಬ್ರಷ್ಷುಗಳಿಂದಲೂ ಉಜ್ಜಿದರು. ಮಾತ್ರೆ ಅಗಿದು ಕನ್ನಡಿ ಇಟ್ಟು ನೋಡಿದರು. ಎಲ್ಲೂ ಒಂದು ಚುಕ್ಕೆ ಗುಲಾಬಿ ಇರಲಿಲ್ಲ. ಮೆಟ್ಟಿಲಿಳಿದು ಬಾಗಿಲು ತಟ್ಟಿದರು.

ಓನರಮ್ಮ ಬಾಗಿಲು ತೆಗೆದರು. ಒಳಗೆ ದೀಪ ಉರಿಯುತ್ತಿತ್ತು. ಮೇಜಿನ ಮೇಲೆ ಒಂದೇ ಒಂದು ತಟ್ಟೆ ತೊಳೆದು ಬೋರಲು ಹಾಕಿತ್ತು.

"ಏನ್ರೀ?"

"ಮಾತ್ರೆ ಮುಗಿದೋಯ್ತು" ಎಂದರು ಸಾಹೇಬರು. ಡಬ್ಬಿ ಜೇಬಿನಲ್ಲಿತ್ತು, ಅಲ್ಲಾಡಿದರೆ ಸದ್ದಾಗುತ್ತದೆಂದು ಮೇಲಿಂದ ಕೈಯಲ್ಲಿ ಒತ್ತಿ ಹಿಡಿದಿದ್ದರು. "ಹಿಂದೆ ಏನೋ ಸಿಕ್ಕೊಂಡಂಗಿದೆ."

ಓನರಮ್ಮ ಟಾರ್ಚು ತಂದರು. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಬಲಗಡೆ ನೋಡಿದರು, ಎಡಗಡೆ ನೋಡಿದರು, ಮೇಲೆ ನೋಡಿದರು, ಕೆಳಗೆ ನೋಡಿದರು. ಒಂದು ಎಳೆ ತಪ್ಪಿದರೂ ಬಿಡದ ಕಣ್ಣು ಆ ಪರಿ ಸ್ವಚ್ಛವಾಗಿದ್ದ ಬಾಯೊಳಗೆ ಬಹಳ ಹೊತ್ತು ಹುಡುಕಿತು.

"ಇದೆ" ಎಂದರು ಕೊನೆಗೆ. "ತುಂಬ ಹಿಂದೆ ಇದೆ. ಇವತ್ತು ಬರೋ ಹಂಗಿಲ್ಲ. ನಾಳೆ ಬನ್ನಿ, ಇನ್ನೊಂದ್ಸಲ ನೋಡೋಣ."